ಪಾಡ್‌ಕಾಸ್ಟ್ ಕೇಳಿದವರು ತೋಡಿಗೆ ಇಳಿಯುತ್ತಾರೆಯೇ? ಉಡುಪಿ, ಮಂಗಳೂರಿನವರ ಅಭಿಪ್ರಾಯ ಬೇಕು

ತೋಡಿನಬದಿ, ಉಡುಪಿ

ಎಲ್ಲರಿಗೂ ನಮಸ್ಕಾರ. ತೋಡು (ಸಣ್ಣ ಹಳ್ಳ), ಕೆರೆ, ಬಾವಿಗಳ ಕೆಲಸ ಮಾಡುವ ಒಂದು ಸಣ್ಣ ಸೇವಾಸಂಸ್ಥೆಯ ಹೊಣೆ ನನ್ನ ಮೇಲಿದೆ. ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ನಾವು ಒಂದು ಪಾಡ್‌ಕಾಸ್ಟ್ ಆರಂಭಿಸಿದೆವು. ಅದರಿಂದ ಕಂಡದ್ದನ್ನು ಹೇಳುತ್ತೇನೆ, ನಿಮ್ಮ ಮಾತನ್ನೂ ಕೇಳಬೇಕಾಗಿದೆ.

ವಿಷಯ ಕಿಂಡಿ ಅಣೆಕಟ್ಟು, ಅಂದರೆ ತೋಡಿಗೆ ಅಡ್ಡವಾಗಿ ಕಂಬ ನಿಲ್ಲಿಸಿ ನಡುವಿನ ಕಿಂಡಿಗಳನ್ನು ಹಲಗೆಯಿಂದ ಮುಚ್ಚಿ ನೀರು ನಿಲ್ಲಿಸುವ ಸಣ್ಣ ಕಟ್ಟ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಘಟ್ಟದಲ್ಲಿ ಬಿದ್ದ ನೀರು ಕಡಲು ಸೇರಲು ಹೆಚ್ಚು ಹೊತ್ತು ಬೇಕಿಲ್ಲ. 2019ರ ಮೇ ತಿಂಗಳಲ್ಲಿ ಉಡುಪಿ ನಗರಕ್ಕೆ ನೀರು ಕೊಡುವ ಸ್ವರ್ಣಾ ನದಿಯ ಬಜೆ ಅಣೆಕಟ್ಟು ಬರಿದಾಗುತ್ತ ಬಂದದ್ದು, ಮಂಗಳೂರಿನಲ್ಲಿ ತುಂಬೆ ಅಣೆಕಟ್ಟಿನ ನೀರನ್ನು ಸರದಿಯಂತೆ ಬಿಟ್ಟದ್ದು ನಿಮಗೆಲ್ಲ ನೆನಪಿರಬಹುದು. 2023ರಲ್ಲಿಯೂ ಅದೇ ಪಾಡು.

ಕಿಂಡಿ ಅಣೆಕಟ್ಟುಗಳಿಗೆ ನಮ್ಮಲ್ಲಿ ಬರವಿಲ್ಲ, ಹೊತ್ತಿಗೆ ಸರಿಯಾಗಿ ಹಲಗೆ ಹಾಕುವವರಿಗೆ ಬರ. ಮಳೆ ನಿಂತು ಹರಿವು ತಗ್ಗಿದ ಮೇಲೆ, ನವೆಂಬರ್ ಕೊನೆಯಲ್ಲೋ ಡಿಸೆಂಬರ್ ಮೊದಲ ಭಾಗದಲ್ಲೋ, ಕಂಬಗಳ ಸೀಳಿನಲ್ಲಿ ಎರಡು ಸಾಲು ಹಲಗೆ ಇಳಿಸಬೇಕು. ಎರಡರ ನಡುವೆ ಮಣ್ಣು ತುಂಬಿ ಕಾಲಿನಿಂದ ಗಟ್ಟಿಯಾಗಿ ತುಳಿಯಬೇಕು. ಸೋರುವ ಕಡೆ ಬೈಹುಲ್ಲು ತುರುಕಬೇಕು. ಎರಡು ವಾರ ತಡವಾದರೂ ಹಿಡಿದಿಡಲು ನೀರೇ ಉಳಿದಿರುವುದಿಲ್ಲ. ಮೇ ಮುಗಿಯುವುದರೊಳಗೆ ಅದೇ ಹಲಗೆಗಳನ್ನು ತೆಗೆಯಬೇಕು. ಮರೆತರೆ ಮೊದಲ ನೆರೆಯಲ್ಲಿ ತೇಲಿ ಬಂದ ಮರ, ತೆಂಗಿನ ಮಡಲು ಎಲ್ಲ ಸಿಕ್ಕಿಕೊಂಡು ನೀರು ಗದ್ದೆಗೆ ನುಗ್ಗುತ್ತದೆ.

ಈ ವಿಷಯಕ್ಕೆ ನಾವು ಕರಪತ್ರ ಹಂಚಿದ್ದೆವು, ಸಭೆ ನಡೆಸಿದ್ದೆವು. ಬರುತ್ತಿದ್ದವರು ಅದೇ ಹಳಬರು. ಪಾಡ್‌ಕಾಸ್ಟಿನ ಮೊದಲ ಕಂತಿನಲ್ಲಿ ನನ್ನ ಮಾತು ಆರಂಭಕ್ಕೂ ಕೊನೆಗೂ ಅಷ್ಟೆ. ನಡುವೆ ಇದ್ದುದು ಅಳಿವೆಗೆ (ನದಿ ಕಡಲು ಸೇರುವಲ್ಲಿಗೆ) ಹತ್ತಿರದ ಊರಿನ ಒಬ್ಬ ಅಜ್ಜಿಯ ದನಿ. ತುಳುವಿನಲ್ಲಿ ಅವರು ಹೇಳಿದ್ದು ಇಷ್ಟು: ಹಲಗೆ ಹಾಕದ ವರ್ಷ ಶಿವರಾತ್ರಿಯ ಹೊತ್ತಿಗೇ ಬಾವಿಯ ನೀರು ಉಪ್ಪಾಗುತ್ತದೆ, ಹಾಕಿದ ವರ್ಷ ಬಿಸು (ಏಪ್ರಿಲ್ ನಡುವಿನ ತುಳುವರ ಹೊಸವರ್ಷ) ಕಳೆದರೂ ಕುಡಿಯಬಹುದು. ಕೊಡಪಾನ ಹೊತ್ತು ಯಾರ ಮನೆಗೆ ಹೋಗುತ್ತಿದ್ದರು, ಆ ಮನೆಯವರು ಎಷ್ಟು ದಿನ ನಗುಮುಖದಿಂದ ನೀರು ಕೊಟ್ಟರು, ಯಾವಾಗಿನಿಂದ ಮುಖ ತಿರುಗಿಸಿದರು ಎಂಬುದನ್ನೂ ಹೇಳಿದರು. ಅದನ್ನು ಕೇಳಿದವರು ಅಂತರ್ಜಲದ ಬಗ್ಗೆ ನಾನು ಎಷ್ಟೇ ಹೇಳಿದರೂ ಕದಲದಿದ್ದವರು. ಹಲಗೆ ಹಾಕಲು ಕರೆದಿದ್ದ ಭಾನುವಾರ ಹಾರೆ, ಬುಟ್ಟಿ ಹಿಡಿದುಕೊಂಡು ಬಂದವರಲ್ಲಿ ಹಲವರನ್ನು ನಾನು ಅದಕ್ಕೆ ಮೊದಲು ನೋಡಿರಲೇ ಇಲ್ಲ.

ನನಗೆ ಮನವರಿಕೆಯಾದದ್ದು ಒಂದೇ. ಒಂದು ಕಂತಿನಲ್ಲಿ ಒಂದೇ ಕೆಲಸ ಕೇಳಬೇಕು. ಯಾವ ತೋಡು, ಯಾವ ದಿನ, ಎಷ್ಟು ಗಂಟೆಗೆ, ಕೈಯಲ್ಲಿ ಏನು ತರಬೇಕು ಎಂದು ಬಿಡಿಸಿ ಹೇಳಬೇಕು. ಮುಂದಿನ ಕಂತು ಆರಂಭವಾಗುವುದು ಆ ಕೆಲಸ ಏನಾಯಿತು ಎಂಬ ವರದಿಯಿಂದ, ಆಗದಿದ್ದರೆ ಆಗಲಿಲ್ಲ ಎಂಬ ವರದಿಯಿಂದ. "ನೀರು ಉಳಿಸಿ" ಎಂದರೆ ಯಾರೂ ಎದ್ದು ಬರುವುದಿಲ್ಲ. "ಭಾನುವಾರ ಬೆಳಿಗ್ಗೆ 7ಕ್ಕೆ ಸೇತುವೆಯ ಕೆಳಗೆ ಬನ್ನಿ, ಹಲಗೆ ಶಾಲೆಯ ಹಿಂದಿದೆ" ಎಂದರೆ ಬರುತ್ತಾರೆ.

ಈಗ ನನ್ನ ಪ್ರಶ್ನೆಗಳು. ಕನ್ನಡದಲ್ಲಿ ಮಾಡಬೇಕೇ, ತುಳುವಿನಲ್ಲೇ? ಊರಲ್ಲಿಲ್ಲದ ಕೇಳುಗರನ್ನು ಏನು ಮಾಡುವುದು? ನೀವು ಯಾರಾದರೂ ಹೀಗೆ ದನಿಯ ಮೂಲಕ ಜನರನ್ನು ಕೂಡಿಸಿದ್ದೀರಾ?

ಬೀಡಿಬ್ರಾಂಚಿನ ಹಾದಿ, ಬಂಟ್ವಾಳ

ಅಣ್ಣ, ಬಹಳ ಒಳ್ಳೆಯ ಕೆಲಸ. ನನ್ನ ಅಮ್ಮ ಬೀಡಿ ಕಟ್ಟುತ್ತಲೇ ನಮ್ಮನ್ನು ಓದಿಸಿದವರು. ತಡ್ಪೆ (ಮೊರ) ಮಡಿಲಲ್ಲಿ ಇಟ್ಟು ಕುಳಿತರೆ ಎರಡು ಕೈಗೂ ಬಿಡುವಿಲ್ಲ, ಕಣ್ಣು ಎಲೆಯ ಮೇಲೆ. ಖಾಲಿ ಇರುವುದು ಕಿವಿ ಮಾತ್ರ. ನಮ್ಮ ಮನೆಯಲ್ಲಿ ಮಂಗಳೂರು ಆಕಾಶವಾಣಿ ಬೆಳಗಿನಿಂದ ರಾತ್ರಿಯವರೆಗೂ ನಡೆಯುತ್ತಿತ್ತು. ಅಕ್ಕಪಕ್ಕದ ಹೆಂಗಸರೂ ಅದೇ ಜಗಲಿಗೆ ಬಂದು ಕೂರುತ್ತಿದ್ದರು. ಕೇಳಿದ ಕಾರ್ಯಕ್ರಮದ ಬಗ್ಗೆ ಅಲ್ಲೇ ಚರ್ಚೆ, ಅಲ್ಲೇ ತೀರ್ಮಾನ. ಸ್ವಸಹಾಯ ಸಂಘಕ್ಕೆ ಸೇರುವ ಮಾತು ಮೊದಲು ಬಂದದ್ದೂ ಆ ಜಗಲಿಯಲ್ಲೇ.

ನಿಮ್ಮ ಕೇಳುಗರು ಎಂದರೆ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಒಬ್ಬೊಬ್ಬರೇ ಕೇಳುವವರು ಎಂದು ಎಣಿಸಬೇಡಿ. ಬೀಡಿ ಕಟ್ಟುವವರು, ಗೇರುಬೀಜದ ಕಾರ್ಖಾನೆಗೆ ಹೋಗುವವರು, ರಾತ್ರಿ ಅಡಿಕೆ ಸುಲಿಯುವವರು, ಇವರೆಲ್ಲ ಗುಂಪಿನಲ್ಲಿ ಕೇಳುವವರು. ಗುಂಪಿನಲ್ಲಿ ಕೇಳಿದವರೇ ಗುಂಪಿನಲ್ಲಿ ಹೊರಡುತ್ತಾರೆ. ಸಂಘದ ವಾರದ ಸಭೆಯಲ್ಲಿ ಒಂದು ಸಣ್ಣ ಸ್ಪೀಕರ್ ಇಟ್ಟು ಕೇಳಿಸಿ ನೋಡಿ. ಇನ್ನೊಂದು ಮಾತು: ಬೆಳಿಗ್ಗೆ 7 ಗಂಟೆ ಗಂಡಸರಿಗೆ ಅನುಕೂಲದ ಹೊತ್ತು. ಹೆಂಗಸರಿಗೆ ಬರಬೇಕೆಂದಿದ್ದರೆ 10ರ ಮೇಲೆ ಇಡಿ.

ನಿವೃತ್ತ ಓವರ್ಸಿಯರ್, ಕಾರ್ಕಳ

ಉತ್ಸಾಹ ಮೆಚ್ಚುವಂಥದ್ದು. ಆದರೆ ಒಂದು ಕಠಿಣ ಪ್ರಶ್ನೆ ಕೇಳಲೇಬೇಕು. ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕುವುದು, ತೆಗೆಯುವುದು ಕಟ್ಟಿಸಿದ ಇಲಾಖೆಯ ಮತ್ತು ಪಂಚಾಯತಿನ ಕರ್ತವ್ಯ. ಅದಕ್ಕೆ ತೆರಿಗೆಯ ಹಣವಿದೆ. ನೀವು ಭಾನುವಾರ ಶ್ರಮದಾನ ಮಾಡಿ ಮುಗಿಸಿಬಿಟ್ಟರೆ ಮುಂದಿನ ವರ್ಷ ಯಾರೂ ಕೇಳುವುದಿಲ್ಲ, ಕ್ರಿಯಾಯೋಜನೆಯಲ್ಲಿ ಸೇರಿಸುವುದೂ ಇಲ್ಲ. ನಿಮ್ಮ ಸಂಸ್ಥೆ ಎಷ್ಟು ವರ್ಷ ಇರುತ್ತದೆ? ನಿಮಗೆ ಬೇರೆ ಊರಿನಲ್ಲಿ ಕೆಲಸ ಸಿಕ್ಕಿದರೆ?

ಜನರನ್ನು ಹುರಿದುಂಬಿಸುವುದಾದರೆ ಹಾರೆ ಹಿಡಿಯಲು ಮಾತ್ರ ಹುರಿದುಂಬಿಸಬೇಡಿ, ಗ್ರಾಮಸಭೆಗೆ ಬರಲೂ ಹೇಳಿ. ಗ್ರಾಮಸಭೆಯಲ್ಲಿ ಬಾಯಿಮಾತಿನಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ. ಅರ್ಜಿ ಬರೆದು ಕೊಟ್ಟು ಸ್ವೀಕೃತಿ ಪಡೆಯಬೇಕು, ನಡಾವಳಿ ಪುಸ್ತಕದಲ್ಲಿ ದಾಖಲಾಯಿತೇ ಎಂದು ನೋಡಬೇಕು. ಹಲಗೆ ಕೊಳೆತಿದ್ದರೆ ಹೊಸದಕ್ಕೆ ಸೆಪ್ಟೆಂಬರಿನಲ್ಲೇ ಕೇಳಬೇಕು, ಡಿಸೆಂಬರಿನಲ್ಲಿ ಅಲ್ಲ. ಇದನ್ನು ಒಂದು ಇಡೀ ಕಂತಿನಲ್ಲಿ ಹೇಳಿ, ನಾನೇ ಬಂದು ಮಾತನಾಡುತ್ತೇನೆ.

ತೋಡಿನಬದಿ, ಉಡುಪಿ

ಅಕ್ಕ, 10 ಗಂಟೆಯ ಮಾತು ಒಪ್ಪಿದೆ. ಸಂಘದ ಸಭೆಯಲ್ಲಿ ಕೇಳಿಸುವ ವಿಚಾರ ನನಗೆ ಹೊಳೆದಿರಲಿಲ್ಲ, ಈ ವಾರವೇ ಕೇಳಿನೋಡುತ್ತೇನೆ.

ಸರ್, ನಿಮ್ಮ ಆಕ್ಷೇಪಕ್ಕೆ ತೂಕವಿದೆ, ಆದರೆ ಪೂರ್ತಿ ಒಪ್ಪಲಾರೆ. ನೀರು ಇಲಾಖೆಯ ಕಡತಕ್ಕೆ ಕಾಯುವುದಿಲ್ಲ. ಈ ವರ್ಷದ ಹರಿವು ಈ ವರ್ಷವೇ ಹೋಗುತ್ತದೆ, ಅಜ್ಜಿಯ ಬಾವಿ ಈ ವರ್ಷವೇ ಉಪ್ಪಾಗುತ್ತದೆ. ಹಾಗೆಂದು ಹಕ್ಕು ಬಿಟ್ಟುಕೊಡಬೇಕಿಲ್ಲ. ಕೈಯಲ್ಲಿ ಮಣ್ಣು ಮೆತ್ತಿಕೊಂಡವರು ಗ್ರಾಮಸಭೆಯಲ್ಲಿ ಎದ್ದುನಿಂತು ಕೇಳಿದರೆ ಪಿಡಿಒ (ಪಂಚಾಯತಿ ಅಭಿವೃದ್ಧಿ ಅಧಿಕಾರಿ) ಅವರಿಗೂ ತಳ್ಳಿಹಾಕುವುದು ಸುಲಭವಲ್ಲ. ಸೆಪ್ಟೆಂಬರ್ ಕಂತಿಗೆ ನೀವು ದಯವಿಟ್ಟು ಬರಲೇಬೇಕು.

ಕದ್ರಿಗುಡ್ಡೆ, ಮಂಗಳೂರು

ಆಕಾಶವಾಣಿಯ ಮಾತು ಬಂದದ್ದರಿಂದ ನಾಲ್ಕು ಮಾತು ಸೇರಿಸುತ್ತೇನೆ. ಮಂಗಳೂರು ನಿಲಯ ಬಂದದ್ದು 1976ರಲ್ಲಿ. ಸಮುದಾಯ ಬಾನುಲಿ (ಕಮ್ಯುನಿಟಿ ರೇಡಿಯೊ) ಎಂಬುದು ಬಹಳ ಈಚಿನದು. ಆರಂಭದ ನೀತಿಯಲ್ಲಿ ವಿದ್ಯಾಸಂಸ್ಥೆಗಳಿಗೆ ಮಾತ್ರ ಅವಕಾಶವಿತ್ತು, ಸೇವಾಸಂಸ್ಥೆಗಳಿಗೆ ಬಾಗಿಲು ತೆರೆದದ್ದು 2006ರಲ್ಲಿ. ನಮ್ಮ ಸಂತ ಅಲೋಶಿಯಸ್ ಕಾಲೇಜಿನ (ಈಗ ಪರಿಗಣಿತ ವಿಶ್ವವಿದ್ಯಾಲಯ) ರೇಡಿಯೊ ಸಾರಂಗ್ 2009ರಿಂದ 107.8 ಎಫ್‌ಎಂನಲ್ಲಿ ಕನ್ನಡ, ತುಳು, ಕೊಂಕಣಿ, ಬ್ಯಾರಿ ಎಲ್ಲದರಲ್ಲೂ ಮಾತನಾಡುತ್ತಿದೆ. ಆದರೆ ಸಮುದಾಯ ಬಾನುಲಿಗೆ ಪರವಾನಗಿ ಬೇಕು, ಗೋಪುರ ಬೇಕು. ನೂರು ವ್ಯಾಟ್ ಶಕ್ತಿಯ ಮಿತಿಯೊಳಗೆ ಹತ್ತು ಹದಿನೈದು ಕಿಲೋಮೀಟರ್ ದಾಟುವುದು ಕಷ್ಟ. ಸ್ವಂತ ಸುದ್ದಿ ಪ್ರಸಾರಕ್ಕೂ ಅನುಮತಿಯಿಲ್ಲ. ಪಾಡ್‌ಕಾಸ್ಟಿಗೆ ಈ ಯಾವ ತೊಡಕೂ ಇಲ್ಲದಿರುವುದರಿಂದ ಸಣ್ಣ ಸಂಸ್ಥೆಗೆ ಇದು ನಿಜವಾಗಿಯೂ ದೊಡ್ಡ ಅವಕಾಶ.

ನಿಮಗೆ ಹತ್ತಿರವಾದ ಮಾದರಿಯೊಂದಿದೆ. ಛತ್ತೀಸ್‌ಗಢದಲ್ಲಿ ಪತ್ರಕರ್ತ ಶುಭ್ರಾಂಶು ಚೌಧರಿ ಅವರು 2010ರಲ್ಲಿ ಸಿಜಿನೆಟ್ ಸ್ವರ ಆರಂಭಿಸಿದರು. ಗೊಂಡಿ ಮಾತನಾಡುವ ಹಳ್ಳಿಯವರು ಸಾಮಾನ್ಯ ಮೊಬೈಲಿನಿಂದ ಕರೆ ಮಾಡಿ ತಮ್ಮ ಊರಿನ ಕೊಳವೆಬಾವಿ ಕೆಟ್ಟದ್ದನ್ನೋ ಪಡಿತರ ಬಾರದ್ದನ್ನೋ ತಮ್ಮ ದನಿಯಲ್ಲೇ ಹೇಳುತ್ತಾರೆ. ಪರಿಶೀಲಿಸಿದ ಮೇಲೆ ಅದು ಎಲ್ಲರಿಗೂ ಕೇಳುತ್ತದೆ. ಸಂದೇಶದಲ್ಲೇ ಸಂಬಂಧಪಟ್ಟ ಅಧಿಕಾರಿಯ ಸಂಖ್ಯೆ ಇರುತ್ತದೆ, ಕೇಳಿದವರು ಆ ಅಧಿಕಾರಿಗೆ ಕರೆ ಮಾಡುತ್ತಾರೆ. ನೂರಾರು ಮೈಲಿ ದೂರದ ನಗರದಲ್ಲಿ ಕುಳಿತವರಿಗೂ ಇದರಿಂದ ಮಾಡಲು ಒಂದು ಕೆಲಸ ಸಿಕ್ಕಿತು. ಮುಂಬಯಿ, ದುಬೈ, ಬೆಂಗಳೂರಿನಲ್ಲಿರುವ ನಿಮ್ಮ ಕೇಳುಗರ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ. ಅವರು ಹಲಗೆ ಹಾಕಲು ಬರಲಾರರು, ಆದರೆ ಕಚೇರಿಗೆ ಕರೆ ಮಾಡಬಲ್ಲರು.

ಹೊಸಬೆಟ್ಟು ಹುಡುಗ, ಸುರತ್ಕಲ್

ಈಗ ಯಾರು ಇಪ್ಪತ್ತು ನಿಮಿಷ ಬರೀ ಮಾತು ಕೇಳುತ್ತಾರೆ ಸರ್? ನನ್ನ ವಯಸ್ಸಿನವರೆಲ್ಲ ನೋಡುವುದು ಅರ್ಧ ನಿಮಿಷದ ವಿಡಿಯೊ. ತೋಡಿಗೆ ಇಳಿದವರದ್ದು, ಮಣ್ಣು ತುಳಿಯುವುದರದ್ದು ಸಣ್ಣ ವಿಡಿಯೊ ಮಾಡಿ ಹಾಕಿದರೆ ಬೇಗ ತಲುಪುತ್ತದೆ.

ಅರ್ಥದ ಹುಚ್ಚು, ಕುಂದಾಪುರ

ಯಾರು ಕೇಳುತ್ತಾರೆ ಎಂದು ಕರಾವಳಿಯಲ್ಲಿ ಕೂತು ಕೇಳುತ್ತೀರಲ್ಲ ಮಾರಾಯರೇ! ಯಕ್ಷಗಾನದ ತಾಳಮದ್ದಲೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ, ಚೆಂಡೆ, ಮದ್ದಲೆ, ಮತ್ತೆ ಪಾತ್ರವಾಗಿ ಮಾತನಾಡುವ ಅರ್ಥಧಾರಿಗಳ ಮಾತು. ಕೃಷ್ಣ ಸಂಧಾನದಲ್ಲಿ ಕೃಷ್ಣ, ಕೌರವರ ಮಾತಿಗೆ ಮಾತು ಕೂಡಿದರೆ ಗಂಟೆಗಟ್ಟಲೆ ಯಾರೂ ಏಳುವುದಿಲ್ಲ. ಮಾತಿಗೆ ಎದುರುಮಾತು ಇರುವುದರಿಂದ ಕೂರುತ್ತಾರೆ. ಒಬ್ಬರೇ ಉಪದೇಶ ಮಾಡುತ್ತ ಹೋದರೆ ಐದು ನಿಮಿಷವೂ ಹೆಚ್ಚು.

ಹಾಗಾಗಿ ಮೂಲ ಲೇಖಕರಿಗೆ ನನ್ನ ಸಲಹೆ: ಓವರ್ಸಿಯರ್ ಸರ್ ಮತ್ತು ನೀವು ಇಲ್ಲಿ ವಾದ ಮಾಡಿದಿರಲ್ಲ, ಅದನ್ನೇ ಮೈಕಿನ ಮುಂದೆ ಮಾಡಿ. ಶ್ರಮದಾನ ಸರಿಯೋ, ಇಲಾಖೆಯನ್ನು ಕೇಳುವುದು ಸರಿಯೋ ಎಂದು ಇಬ್ಬರೂ ಬಿಟ್ಟುಕೊಡದೆ ವಾದಿಸಿ. ಕೇಳಿದವರು ಮನೆಯಲ್ಲಿ ಅದನ್ನು ಮುಂದುವರಿಸುತ್ತಾರೆ.

ಮಂದಾರದ ಕೆಳಗೆ, ಮಂಗಳೂರು

ಇದನ್ನು ಓದುತ್ತಿದ್ದಂತೆ ಬರೆಯದೆ ಇರಲಾಗಲಿಲ್ಲ. 2019ರ ಆಗಸ್ಟ್‌ನಲ್ಲಿ ಮಂಗಳೂರು ನಗರದ ಕಸ ಸುರಿಯುವ ಪಚ್ಚನಾಡಿಯ ರಾಶಿ ಮಳೆಗೆ ಜರಿದು ಕೆಳಗಿನ ಮಂದಾರ ಎಂಬ ಊರಿಗೆ ಇಳಿಯಿತು. ತೆಂಗು, ಅಡಿಕೆ ತೋಟಗಳ ಮೇಲೆ ಇಡೀ ನಗರದ ಪ್ಲಾಸ್ಟಿಕ್ ಬಂದು ಕೂತಿತು. ಜನ ಮನೆ ಬಿಟ್ಟು ಹೋಗಬೇಕಾಯಿತು. ಆ ದಿನಗಳಲ್ಲಿ ಎಲ್ಲ ಕಡೆ ಬಂದದ್ದು ಚಿತ್ರ, ವಿಡಿಯೊ. ಮೇಲಿನಿಂದ ತೆಗೆದ ರಾಶಿಯ ಚಿತ್ರ ನೋಡಿ ಜನ ಅಯ್ಯೋ ಎಂದರು, ಮರುದಿನ ಬೇರೆ ಚಿತ್ರ ಬಂತು. ತೋಟ ಕಳೆದುಕೊಂಡವರು ಆಮೇಲೆ ವರ್ಷಗಟ್ಟಲೆ ಏನು ಅನುಭವಿಸಿದರು ಎಂಬುದನ್ನು ಕೂತು ಕೇಳಿಸಿಕೊಂಡವರು ಎಷ್ಟು ಮಂದಿ? ನೆಟ್ಟು ಬೆಳೆಸಿದ ಮರಗಳನ್ನು ಒಂದೊಂದಾಗಿ ಹೆಸರಿಸುವಂತೆ ಹೇಳುವವರ ಮಾತು ಅರ್ಧ ನಿಮಿಷದಲ್ಲಿ ಹಿಡಿಸುವುದಿಲ್ಲ. ಹುಡುಗರ ವಿಡಿಯೊ ಬೇಡವೆನ್ನುವುದಿಲ್ಲ, ಆದರೆ ಇಂಥದ್ದಕ್ಕೆ ದನಿಯೇ ಬೇಕು, ಹೊತ್ತೂ ಬೇಕು.

ನಗರದಲ್ಲಿ ಕಸ ಬೇರ್ಪಡಿಸಿ ಎಂದು ಘೋಷಣೆ ಕೂಗುತ್ತಲೇ ಇದ್ದಾರೆ. ಹಸಿ ಕಸ, ಒಣ ಕಸ ಒಂದೇ ಚೀಲದಲ್ಲಿ ಹಾಕುವ ಮನೆಗಳಿಗೆ ಮಂದಾರದವರ ದನಿ ಕೇಳಿಸಬೇಕು. ಮಹಾನಗರ ಪಾಲಿಕೆಯ 60 ವಾರ್ಡುಗಳಲ್ಲಿ ಒಂದೊಂದು ವಸತಿ ಸಮುಚ್ಚಯದ ಸಂಘ ಸಿಕ್ಕಿದರೂ ಸಾಕು. ತೋಡಿನಬದಿಯವರೇ, ನಿಮ್ಮ ರೀತಿಯಲ್ಲಿ ಮಂಗಳೂರಿನಲ್ಲಿ ಮಾಡಲು ನಮಗೆ ಕಲಿಸಿಕೊಡುತ್ತೀರಾ?

ಭಾನುವಾರದವರು, ಮಂಗಳೂರು

ರಾಮಕೃಷ್ಣ ಮಠದ ಸ್ವಚ್ಛ ಮಂಗಳೂರು ಅಭಿಯಾನದಲ್ಲಿ ಭಾಗವಹಿಸಿದವನು ನಾನು. ಅದರಲ್ಲಿ ಪಾಡ್‌ಕಾಸ್ಟ್ ಇರಲಿಲ್ಲ. ಜನ ಬಂದದ್ದು ಭಾನುವಾರ ಬೆಳಿಗ್ಗೆ ಎಂದರೆ ಭಾನುವಾರ ಬೆಳಿಗ್ಗೆಯೇ ಎಂಬ ಭರವಸೆಯಿಂದ. ಮಳೆ ಬಂದರೂ ಪೊರಕೆ ಹಿಡಿದು ನಿಂತವರು ಇರುತ್ತಿದ್ದರು. ನಿಮ್ಮ ಕಂತು ಎಷ್ಟೇ ಚೆನ್ನಾಗಿರಲಿ, ಹೇಳಿದ ಜಾಗದಲ್ಲಿ ಹೇಳಿದ ಹೊತ್ತಿಗೆ ನಾಯಕರಾದವರು ಮೊದಲು ಹಾಜರಿಲ್ಲದಿದ್ದರೆ ಎರಡನೆಯ ಕರೆಗೆ ಯಾರೂ ಓಗೊಡುವುದಿಲ್ಲ.

ತಂತಿ, ಮಣಿಪಾಲ

ತಾಂತ್ರಿಕ ಮಾತು. ಮೊನೊದಲ್ಲಿ 64 ಕೆಬಿಪಿಎಸ್ ಎಂಪಿ3 ಮಾಡಿದರೆ ನಿಮಿಷಕ್ಕೆ ಅರ್ಧ ಎಂಬಿಗಿಂತ ಸ್ವಲ್ಪ ಕಡಿಮೆ, ಇಪ್ಪತ್ತು ನಿಮಿಷದ ಕಂತು 10 ಎಂಬಿಯ ಒಳಗೆ. ಮಾತಿಗೆ ಅದು ಧಾರಾಳ ಸಾಕು, ಘಟ್ಟದ ಬುಡದ ದುರ್ಬಲ ಸಿಗ್ನಲಿನಲ್ಲೂ ಇಳಿಯುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಒಮ್ಮೆಗೆ ಐದು ಕಡೆಗೆ ಮಾತ್ರ ಫಾರ್ವರ್ಡ್ ಮಾಡಬಹುದು, ಬಹಳ ಸಲ ಫಾರ್ವರ್ಡ್ ಆದದ್ದನ್ನು ಒಮ್ಮೆಗೆ ಒಂದೇ ಕಡೆಗೆ. ಒಂದೇ ಕಡತ ಎಲ್ಲ ಕಡೆ ಹಬ್ಬಲಿ ಎಂದು ಕಾಯುವ ಬದಲು ಪ್ರತಿ ಊರಿನ ಗುಂಪಿಗೆ ಅಲ್ಲಿಯವರೇ ಹೊಸದಾಗಿ ಹಾಕುವಂತೆ ಏರ್ಪಾಡು ಮಾಡಿಕೊಳ್ಳಿ.

ಮಳೆಗಾಲದಲ್ಲಿ ತಗಡಿನ ಮಾಡಿನ ಕೆಳಗೆ ರೆಕಾರ್ಡ್ ಮಾಡಲೇಬೇಡಿ, ಮಾತು ಮುಳುಗಿಹೋಗುತ್ತದೆ. ಹೆಂಚಿನ ಮನೆಯ ಒಳಕೋಣೆ, ಹಾಸಿಗೆ ಬಟ್ಟೆ ತುಂಬಿದ ಕೋಣೆ ಒಳ್ಳೆಯದು. ಮೈಕು ಬಾಯಿಯಿಂದ ಒಂದು ಗೇಣು ದೂರವಿರಲಿ. ತೋಡಿನ ಬಳಿ ಹರಿವಿನ ಸದ್ದನ್ನು ಬೇರೆಯಾಗಿ ಹಿಡಿದಿಟ್ಟುಕೊಂಡು ಆಮೇಲೆ ಮೆಲ್ಲಗೆ ಸೇರಿಸಿ.

ಕೊಡಪಾನ, ಮೂಲ್ಕಿ

ನನ್ನ ಆತಂಕ ಬೇರೆಯದು. ಆ ಅಜ್ಜಿ ಮುಖ ತಿರುಗಿಸಿದ ಮನೆಯವರ ಬಗ್ಗೆ ಹೇಳಿದ್ದಾರೆ. ಸಣ್ಣ ಊರಿನಲ್ಲಿ ಅದು ಯಾವ ಮನೆ ಎಂದು ಗೊತ್ತಾಗದೆ ಇರುತ್ತದೆಯೇ? ನೀವು ಉಡುಪಿಯಲ್ಲಿರುತ್ತೀರಿ, ಅವರು ಅಲ್ಲೇ ಬದುಕಬೇಕು. ದನಿ ಮುಖದಷ್ಟೇ ಗುರುತಿನದು.

ತೋಡಿನಬದಿ, ಉಡುಪಿ

ಅಕ್ಕ, ನಿಮ್ಮ ಪ್ರಶ್ನೆಗೇ ಮೊದಲ ಉತ್ತರ. ರೆಕಾರ್ಡ್ ಮಾಡಿದ್ದನ್ನು ಹೊರಗೆ ಬಿಡುವ ಮೊದಲು ಅವರ ಮನೆಗೆ ಹೋಗಿ ಪೂರ್ತಿ ಕೇಳಿಸುತ್ತೇವೆ. ಮಗಳು, ಸೊಸೆ ಎಲ್ಲರೂ ಕೂತು ಕೇಳುತ್ತಾರೆ. ಬೇಡವೆಂದ ವಾಕ್ಯ ಹೋಗಲೇಬೇಕು, ಎಷ್ಟೇ ಚೆನ್ನಾಗಿದ್ದರೂ. ಅಜ್ಜಿ ಮನೆಯ ಹೆಸರು, ದಿಕ್ಕು ಎರಡನ್ನೂ ತೆಗೆಸಿದರು, ಉಳಿದದ್ದು ಇರಲಿ ಎಂದರು. ನಿಮ್ಮ ಮಾತಿನ ಮೇಲೆ ಈಗ ಇನ್ನೊಂದು ನಿಯಮ ಸೇರಿಸುತ್ತಿದ್ದೇನೆ: ಕಂತು ಹೊರಬಂದ ಮೇಲೆ ತೊಂದರೆಯಾದರೂ ಹೇಳಿದ ದಿನವೇ ತೆಗೆಯುವುದು.

ಮಂದಾರದವರೇ, ಖಂಡಿತ ಬರುತ್ತೇನೆ. ಆದರೆ ಮೈಕು ಹಿಡಿಯುವವರು ನಿಮ್ಮಲ್ಲೇ ಒಬ್ಬರಾಗಲಿ. ಪುತ್ತೂರಿನ ಅಡಿಕೆ ಪತ್ರಿಕೆ 1988ರಿಂದ ಕೃಷಿಕರ ಕೈಗೇ ಲೇಖನಿ ಕೊಟ್ಟು ಬರೆಯಿಸಿತು. ತೋಟದಲ್ಲಿ ದುಡಿಯುವವರೇ ಬರೆದದ್ದರಿಂದಲೇ ಅದನ್ನು ಇನ್ನೊಬ್ಬ ಕೃಷಿಕರು ನಂಬಿದರು. ನಾನು ಉಡುಪಿಯಿಂದ ಬಂದು ನಿಮ್ಮ ನೋವನ್ನು ನಿರೂಪಿಸಿದರೆ ಅದಕ್ಕೆ ಆ ಬಲ ಬರುವುದಿಲ್ಲ.

ನಾಲ್ಕು ಭಾಷೆ, ಬಜಪೆ

ಭಾಷೆಯ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ. ನಮ್ಮ ಬಸ್ ನಿಲ್ದಾಣದ ಅಂಗಡಿಯಲ್ಲಿ ನಾನು ದಿನವೂ ತುಳು, ಬ್ಯಾರಿ, ಕೊಂಕಣಿ, ಕನ್ನಡ ನಾಲ್ಕರಲ್ಲೂ ವ್ಯವಹಾರ ಮಾಡುತ್ತೇನೆ. ಜನ ಅವರವರ ಮಾತಿನಲ್ಲೇ ಆಡಲಿ, ನಿರೂಪಣೆ ಕನ್ನಡದಲ್ಲಿರಲಿ. ಬ್ಯಾರಿ ಮನೆಯ ಹೆಂಗಸೊಬ್ಬರು ಬ್ಯಾರಿಯಲ್ಲೇ ಬಾವಿಯ ಮಾತು ಆಡಿದರೆ ನಮ್ಮ ಮನೆಯವರಿಗೆ ಇದು ನಮ್ಮ ಕೆಲಸವೂ ಹೌದು ಎನಿಸುತ್ತದೆ. ನಮ್ಮ ಜಿಲ್ಲೆಯಲ್ಲಿ ಈಚಿನ ವರ್ಷಗಳಲ್ಲಿ ಅವರು ಇವರು ಎಂಬ ಗೆರೆ ಎಷ್ಟು ದಪ್ಪವಾಗಿದೆ ಎಂದು ನಿಮಗೆ ಹೇಳಬೇಕಿಲ್ಲ. ಒಂದೇ ತೋಡಿನ ಎರಡು ದಡದವರು ಒಂದೇ ಕಂತಿನಲ್ಲಿ ಮಾತನಾಡಿದ್ದನ್ನು ಕೇಳಲು ನನಗೆ ಬಹಳ ಆಸೆ. ಹಲಗೆ ಹಾಕುವ ದಿನ ಚಹಾ, ಅವಲಕ್ಕಿ ನನ್ನ ಅಂಗಡಿಯಿಂದ.

ನಿವೃತ್ತ ಓವರ್ಸಿಯರ್, ಕಾರ್ಕಳ

ಕುಂದಾಪುರದವರ ಸವಾಲು ಒಪ್ಪಿದೆ, ವಾದಕ್ಕೆ ಸಿದ್ಧ. ಆದರೆ ಸೆಪ್ಟೆಂಬರ್ ಬಹಳ ದೂರ. ಮೇ ತಿಂಗಳಲ್ಲಿ ಹಲಗೆ ತೆಗೆಯುವ ಕಂತಿಗೇ ಬರುತ್ತೇನೆ. ಹಾಕಲು ಬರುವ ಉತ್ಸಾಹ ತೆಗೆಯಲು ಇರುವುದಿಲ್ಲ, ಗದ್ದೆ ಹಾಳಾಗುವುದು ಅಲ್ಲೇ. ತೆಗೆದ ಹಲಗೆ ಬಿಸಿಲಿನಲ್ಲಿ ಒಣಗಿಸಿ, ಗೆದ್ದಲು ಹಿಡಿಯದಂತೆ ನೆಲದಿಂದ ಮೇಲೆ ಕಲ್ಲಿನ ಮೇಲೆ ಪೇರಿಸಿ, ಎಣಿಸಿ, ಪಂಚಾಯತಿನಲ್ಲಿ ಲೆಕ್ಕ ಬರೆಸಿಡಬೇಕು. ಎಷ್ಟು ಹಲಗೆ ಹೋಗಿದೆ ಎಂಬ ಲೆಕ್ಕವಿದ್ದರೆ ಸೆಪ್ಟೆಂಬರಿನಲ್ಲಿ ಹೊಸದಕ್ಕೆ ಅರ್ಜಿ ಹಾಕಲು ಆಧಾರ ಸಿಗುತ್ತದೆ.

ತೋಡಿನಬದಿ, ಉಡುಪಿ

ಆಯಿತು ಸರ್. ಮೇ ಎರಡನೆಯ ವಾರ ರೆಕಾರ್ಡಿಂಗ್ ಇಟ್ಟುಕೊಳ್ಳೋಣ. ಕಾರ್ಕಳಕ್ಕೆ ನಾನೇ ಮೈಕು ತರುತ್ತೇನೆ. ಬಂಟ್ವಾಳದ ಅಕ್ಕ, ನಿಮ್ಮ ಸಂಘದವರಿಗೆ ಕೇಳಿಸಲು ಮೊದಲ ಕಂತನ್ನು ಕಳುಹಿಸುತ್ತೇನೆ. ಕೇಳಿದ ಮೇಲೆ ಅವರು ಏನೆಂದರು ಎಂಬುದನ್ನು ಅವರ ದನಿಯಲ್ಲೇ ರೆಕಾರ್ಡ್ ಮಾಡಿ ಕಳುಹಿಸಿದರೆ ಮುಂದಿನ ಕಂತನ್ನು ಅದರಿಂದಲೇ ಆರಂಭಿಸುತ್ತೇನೆ.

ಬೀಡಿಬ್ರಾಂಚಿನ ಹಾದಿ, ಬಂಟ್ವಾಳ

ಕಳುಹಿಸಿ ಅಣ್ಣ. ನಮ್ಮ ಸಂಘದ ಸಭೆ ಗುರುವಾರ. ಮೊದಲು ಕೇಳುವ ಪ್ರಶ್ನೆ ಏನೆಂದು ನನಗೆ ಈಗಲೇ ಗೊತ್ತು: ನಮ್ಮ ತೋಡಿನ ಹಲಗೆ ಎಲ್ಲಿದೆ, ಕೀಲಿ ಯಾರ ಹತ್ತಿರ ಇದೆ? ಅದನ್ನು ಪಂಚಾಯತಿನಲ್ಲಿ ಕೇಳಿಕೊಂಡೇ ಸಭೆಗೆ ಹೋಗುತ್ತೇನೆ.